ನಲವತ್ತು ಹೆಜ್ಜೆ

ಅಂಗಳದಾಚೆ ಗ್ರಂಥಾಲಯ. ನಡೆದರೆ ನಲವತ್ತು ಹೆಜ್ಜೆ,
ಕೆಸರಿದ್ದರೆ ಐವತ್ತು.
ಚಿಲೋಯೆ ದ್ವೀಪದ ಆಲೂಗಡ್ಡೆ ತಳಿಗಳ
ಹದಿನಾಲ್ಕು ಸಾವಿರ ಕಡತ
ಮಧ್ಯಾಹ್ನ ಮೂರಕ್ಕೆ ಹೊರಟಿದ್ದವು,
ದೀಪ ಹಚ್ಚುವ ಹೊತ್ತಿಗೂ ಮೊದಲ ಚೀಲವೇ ಮುಗಿದಿಲ್ಲ.

ಎಲಿಯೊದೋರೊ ಒಲೆಗೆ ಸೌದೆ ತುರುಕುತ್ತ ಕೇಳಿದ:
"ನೋಲ್ಫಾ, ಬುಟ್ಟಿಯಲ್ಲಿ ಹೊತ್ತು ಹಾಕಿಬಿಡಲಾ?"

ನನಗೆ ರೇಗಿತು. ಹಳೆಯ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ
ಕಪ್ಪು ಪರದೆ ತೆರೆದೆ.
ವೈಫೈ ಕಾರ್ಡು ಜಿಪುಣ: ಬ್ಯಾಟರಿ ಉಳಿಸಲೆಂದು
ಒಂದು ತುಣುಕಿಗೂ ಇನ್ನೊಂದಕ್ಕೂ ನಡುವೆ
ಕೋಳಿನಿದ್ದೆ ಹೊಡೆಯುತ್ತಿತ್ತು.
ಪವರ್ ಸೇವ್ ಆಫ್ ಎಂದು ಬರೆದು
ಎಂಟರ್ ಒತ್ತಿದೆ. ಎದ್ದು ಕೂತಿತು.

ಆಮೇಲೆ ಗೋಡೆ. ನಮ್ಮ ಗೋದಾಮಿಗೆ
ಮಳೆ ಬಡಿಯುವ ಕಡೆಗೆಲ್ಲ ಸತುವಿನ ತಗಡು;
ಅಲೆಗಳು ಅದಕ್ಕೆ ಹಣೆ ಚಚ್ಚಿಕೊಂಡು ವಾಪಸು ಬರುತ್ತವೆ.
ಲ್ಯಾಪ್‌ಟಾಪನ್ನು ಕಿಟಕಿಯ ಕಟ್ಟೆಗೆ ಸರಿಸಿದೆ.
ಆರನೇ ಚಾನೆಲಿನಲ್ಲಿ ಮೀನು ಕಾರ್ಖಾನೆ, ಪಾದ್ರಿಯ ಮನೆ,
ಪೊಲೀಸು ಠಾಣೆ, ಸಂತೆಯ ಗದ್ದಲ.
ಹನ್ನೊಂದರಲ್ಲಿ ನರಪಿಳ್ಳೆಯಿಲ್ಲ.
ರೂಟರಿನ ಬಿಡಾರ ಅಲ್ಲಿಗೆ ಬದಲಿಸಿದೆ.

ಸಿಗ್ನಲ್ ಏರಿತು. ಕಡತ ಕದಲಲಿಲ್ಲ.
ಕೈ ಕಾಯಿಸಿಕೊಳ್ಳುತ್ತ ಕೂತಾಗ ಹೊಳೆಯಿತು:
ಒಂದೊಂದು ಪುಟಾಣಿ ಕಡತವೂ
ಗ್ರಂಥಾಲಯದ ಹೊಸ್ತಿಲಲ್ಲಿ ನಿಂತು
ಹೆಸರು, ಊರು, ಅಪ್ಪಣೆ, ಕುಶಲೋಪರಿ.
ಹದಿನಾಲ್ಕು ಸಾವಿರ ಸಲ!
ಎಲ್ಲವನ್ನೂ ಒಂದೇ ಗಂಟು ಕಟ್ಟಿ
ಒಟ್ಟಿಗೇ ಹೊರಿಸಿದೆ.

ಆಗ ಓಡಿತು ನೋಡಿ.
ಕರಿಕೊಂಬು, ಬೆಕ್ಕಿನುಗುರು, ವಿಧವೆಯ ಬೆರಳು,
ನೇರಳೆ ತಿರುಳಿನದು, ಹೆಸರೇ ಇಲ್ಲದ್ದು,
ಸೆಕೆಂಡಿಗೆ ಹನ್ನೊಂದು ಮೆಗಾಬೈಟು.
ನೀರು ಕುದಿಯುವಷ್ಟರಲ್ಲಿ
ಅರ್ಧ ಚೀಲಗಳು ಆಚೆ ದಡ ಸೇರಿದ್ದವು.

ಹೋಗಿ ಗಂಟು ಬಿಚ್ಚಿ ನೋಡಿದರೆ
ಎಲ್ಲ ಸರಿ, ಒಂದು ಚಿತ್ರ ಬಿಟ್ಟು:
ಮೇಲರ್ಧ ಗಡ್ಡೆ, ಕೆಳಗರ್ಧ ಬೂದು.
ಗಾಳಿಗೆ ಶಾಪ ಹಾಕುತ್ತ ವಾಪಸು ಬಂದೆ.
ಇಲ್ಲೂ ಹಾಗೇ ಇತ್ತು.
ಕ್ಯಾಮೆರಾದಲ್ಲೇ ಮುರಿದದ್ದು. ದಾರಿಯ ತಪ್ಪೇನಿರಲಿಲ್ಲ.

ಮತ್ತೆ ಫೋಟೊ ತೆಗೆಯೋಣವೆಂದು
ಐದನೇ ಚೀಲಕ್ಕೆ ಕೈ ಹಾಕಿದೆ.
ಖಾಲಿ.
ಎಲಿಯೊದೋರೊ ಪಾತ್ರೆಯ ಮುಚ್ಚಳ ಎತ್ತಿ,
"ಅದರಲ್ಲಿ ಒಂದೇ ಉಳಿದಿತ್ತು," ಎಂದ,
"ಚೆನ್ನಾಗಿ ಬೆಂದಿದೆ."

ಬೈಯಲಿಲ್ಲ. ಉಪ್ಪು ಉದುರಿಸಿಕೊಂಡು ತಿಂದೆ, ಅರ್ಧ ಅವನಿಗೆ.
ಅವನು ಹಸಿಯಲ್ಲೇ ಸುಲಿದೆಸೆದ ದಪ್ಪ ಸಿಪ್ಪೆಯಲ್ಲಿ
ಒಂದು ಕಣ್ಣು ಬಿಟ್ಟುಕೊಂಡಿತ್ತು.
ಡಬ್ಬಿಯ ಮಣ್ಣಿಗೆ ಒತ್ತಿ ಕಿಟಕಿಯಲ್ಲಿಟ್ಟಿದ್ದೇನೆ,
ಲ್ಯಾಪ್‌ಟಾಪಿದ್ದ ಜಾಗದಲ್ಲೇ.
ಎಷ್ಟು ಮುಗಿಯಿತು, ಎಷ್ಟು ಬಾಕಿ,
ಇದು ಹೇಳುವುದಿಲ್ಲ.