ಬ್ವಾನಾಲಿಯ ಗಂಟಲು

ಲುಜೆಂಡಾ ಹೊಳೆಯ ಆಚೆ ದಂಡೆ, ಸೆಪ್ಟೆಂಬರಿನ ಒಣಗಾಡು.
ಹೆಗಲ ಮೇಲೆ ಕೊಡಲಿ, ಕೈಯಲ್ಲಿ ಹಸಿಸೊಪ್ಪು ಸುತ್ತಿದ ಕೊಳ್ಳಿ,
ಮುಂದೆ ಬ್ವಾನಾಲಿ.
ಹಿಂದೆ ನಾನು, ಮಪೂಟೊದಿಂದ ಬಂದ ಗ್ರಾಸಿಂದಾ,
ಕೊರಳಲ್ಲಿ ದನಿಪೆಟ್ಟಿಗೆ, ಜೇಬಲ್ಲಿ ಮೊಂಡು ಪೆನ್ಸಿಲು.

ಅವನ ಗಂಟಲು ಕಟ್ಟಿ ಇವತ್ತಿಗೆ ಹನ್ನೊಂದು ದಿನ.
ಶುಂಠಿ, ಬಿಸಿನೀರು, ಮಸೀದಿಯವರು ಊದಿಕೊಟ್ಟ ನೀರು,
ಯಾವುದಕ್ಕೂ ಜಗ್ಗಿಲ್ಲ.
ಅಪ್ಪ ಕೊಟ್ಟ ಕೂಗು ಅದು, ಅಪ್ಪನಿಗೆ ಅವನಪ್ಪ ಕೊಟ್ಟದ್ದು:
ನಾಲಗೆ ನಡುಗಿಸಿ ಬ್‌ರ್‌ರ್‌ರ್,
ಮೂಗಿನೊಳಗೆ ಮುಗಿಸಿ ಹ್ಮ್.
ಈಗ ಬರೀ ಗಾಳಿ, ತೂತು ಬಿದ್ದ ತಿದಿಯ ಹಾಗೆ.

'ಹಾಕು ನಿನ್ನ ಪೆಟ್ಟಿಗೆ' ಎಂದು ಕೈಸನ್ನೆ ಮಾಡಿದ.
ಹಾಕಿದೆ. ಜೂನಿನಲ್ಲಿ ಹಿಡಿದಿಟ್ಟ ಅವನದೇ ದನಿ,
ಏಳು ಸೆಕೆಂಡಿಗೊಮ್ಮೆ,
ದಣಿವಿಲ್ಲ, ಕೆಮ್ಮಿಲ್ಲ.

ನನ್ನ ಪುಸ್ತಕದಲ್ಲಿ ಮೂರು ಮನೆಗಳಿವೆ.
ಒಂದರಲ್ಲಿ ಈ ಕೂಗು,
ಒಂದರಲ್ಲಿ ಬ್ವಾನಾಲಿ ತನ್ನ ಹೆಸರನ್ನೇ ಒದರಿದ್ದು,
ಇನ್ನೊಂದರಲ್ಲಿ ಬೆಳವದ ಗುಟುರು.
ಹೆಸರಿಗೂ ಬೆಳವಕ್ಕೂ ಸೆಗೊ ಹಕ್ಕಿ ಬಂದರೆ ಬಂತು.
ಕೂಗಿನ ಮನೆಯಲ್ಲಿ ಮಾತ್ರ ಗೆರೆಯ ಪಕ್ಕ ಗೆರೆ.
ಅದಕ್ಕೆ ಬೇಕಾದದ್ದು ಸದ್ದಲ್ಲ, ಮನುಷ್ಯನ ಸದ್ದೂ ಅಲ್ಲ,
ಕೊಡಲಿ ಇದೆ, ಬೆಂಕಿ ಇದೆ, ಮೇಣ ನಿನಗೆ
ಎನ್ನುವ ಕರಾರು.

ಬಂತು.
ಮಣ್ಣುಬಣ್ಣದ ಒಂದು ಹಿಡಿ, ಬಾಲದಂಚಲ್ಲಿ ಬಿಳಿ,
ಡಬ್ಬಿಯಲ್ಲಿ ಹುಣಸೆಬೀಜ ಕುಲುಕಿದ ಮಾತು.
ಕೂತದ್ದು ಅವನ ಹತ್ತಿರವಲ್ಲ,
ನನ್ನ ತಲೆಯ ಮೇಲಿನ ಕೊಂಬೆಗೆ, ಪೆಟ್ಟಿಗೆಯ ನೇರಕ್ಕೆ.
ಮೂವತ್ತು ವರ್ಷದ ಬಳಕೆ!
ಬ್ವಾನಾಲಿ ಪೆಟ್ಟಿಗೆಯನ್ನು ನೋಡಿದ,
ದಾಯಾದಿಯನ್ನು ನೋಡುವ ಹಾಗೆ.

ಮರದಿಂದ ಮರಕ್ಕೆ ಹಕ್ಕಿ, ಮುಳ್ಳಿನಿಂದ ಮುಳ್ಳಿಗೆ ನಾವು.
ಅವನನ್ನು ಸಮಾಧಾನ ಮಾಡಲು ನಾನೇ ಮಾತು ತೆಗೆದೆ:
ಇದು ಹೆತ್ತವರ ಮುಖ ಕಂಡದ್ದಲ್ಲ.
ಕಳ್ಳಿಪೀರದ ಬಿಲದಲ್ಲಿ, ಕತ್ತಲಲ್ಲಿ, ಕಣ್ಣು ಬಿಡುವ ಮೊದಲೇ
ಕೊಕ್ಕಿನ ಕೊಕ್ಕೆಯಿಂದ ಆ ಮನೆಯ ಮರಿಗಳನ್ನು ಕಚ್ಚಿ ಕಚ್ಚಿ ಕೊಂದು
ಒಂಟಿಯಾಗಿ ಉಂಡು ಬೆಳೆದದ್ದು.
ನಿಮ್ಮಪ್ಪನ ಕೂಗನ್ನು ಆ ಬಿಲದಲ್ಲಿ ಇದಕ್ಕೆ ಯಾರು ಹೇಳಿಕೊಟ್ಟರು?
ಟಾಂಜಾನಿಯಾದಲ್ಲಿ ಸಿಳ್ಳೆ ಹಾಕಿ ಕರೆಯುವವರಿದ್ದಾರೆ,
ಅಲ್ಲಿಯ ಹಕ್ಕಿ ಸಿಳ್ಳೆ ಕಲಿತಿದೆ.
ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ, ಸರಿ.
ಹೇಳಿಕೊಡದೆ ಬಂದ ಮಾತಿಗೆ
ನನ್ನ ಪುಸ್ತಕದಲ್ಲಿ ಮನೆಯೇ ಇಲ್ಲ.

ಅವನು ನಿಂತ. ಬಹಳ ಹೊತ್ತಾದ ಮೇಲೆ ಪಿಸುಗುಟ್ಟಿದ:
'ಒಡಹುಟ್ಟಿದವರನ್ನು ಕೊಂದಿತಾ?
ಅದಕ್ಕೇ ಪಾಲು ಕೇಳುವುದರಲ್ಲಿ ಗಟ್ಟಿಗ.'

ಪೊಟರೆಗೆ ಹೊಗೆ, ಕೊಡಲಿಗೆ ಆರು ಪೆಟ್ಟು.
ಎಲೆ ಹಾಸಿ ಮೇಣದ ಹಲ್ಲೆ ಇಟ್ಟ, ಯಾವತ್ತಿನಂತೆ, ಹಕ್ಕಿಗೆ.
ಆಮೇಲೆ ಇನ್ನೊಂದು ಚೂರು ಮುರಿದು
ನನ್ನ ಪೆಟ್ಟಿಗೆಯ ಬಾಯಿಗೆ ಒತ್ತಿ, ನಗದೆ, ದನಿಯಿಲ್ಲದೆ ಹೇಳಿದ:
'ನಿನ್ನ ಪಾಲು, ಬ್ವಾನಾಲಿ.'

ಮರುದಿನ ಜಾಲರಿಗೆಲ್ಲ ಮೇಣ ಮೆತ್ತಿಕೊಂಡು
ಅದರ ಗಂಟಲೂ ಕಟ್ಟಿತ್ತು.