ನಮೂನೆಯಂತೆ ಇಲ್ಲ

ಮೇಲಿನಿಂದ ಒಂದು ಹಾಳೆ ಬಂದಿದೆ.
ಚಿತ್ರಕಲಾ ತರಗತಿಯಲ್ಲಿ ಮಕ್ಕಳು ಕಲಿಯಬೇಕಾದ್ದೇನು,
ಕೆಳಗಿನ ಚೌಕದಲ್ಲಿ ಬರೆಯಿರಿ, ಅಂಚು ಮೀರಬಾರದು.
ಚೌಕ ಬೆಂಕಿಪೊಟ್ಟಣದಷ್ಟಿದೆ.

ನಾನು ಕೌಲ್ ಬಜಾರಿನ ಶಾಲೆಯ ಡ್ರಾಯಿಂಗ್ ಮೇಷ್ಟ್ರು.
ವಾರಕ್ಕೊಂದು ಪಿರಿಯಡ್, ಶನಿವಾರದ ಕೊನೆಯದು.
ಅದನ್ನೂ ತಿಂಗಳಿಗೆರಡು ಸಲ ಗಣಿತದವರು ಕಡ ಒಯ್ಯುತ್ತಾರೆ,
ಕಡ ಹೋದದ್ದು ಯಾವತ್ತು ವಾಪಸು ಬಂದಿದೆ?

ಮೊದಲ ದಿನ, ತೋಚಿದ್ದು ಬರೀರಿ ಅಂದೆ.
ನಲವತ್ತೆರಡು ಹಾಳೆ. ನಲವತ್ತೆರಡರಲ್ಲೂ
ಎರಡು ತ್ರಿಕೋನ ಬೆಟ್ಟ, ನಡುವೆ ಅರ್ಧ ಸೂರ್ಯ,
ಹಾವಿನಂಥ ಹೊಳೆ, ಬಾಗಿದ ತೆಂಗಿನಮರ,
ಮೂರರ ಅಂಕೆಯನ್ನು ಮಲಗಿಸಿದಂಥ ಹಕ್ಕಿ.
ಕಿಟಕಿಯಾಚೆ, ಕೈ ಚಾಚಿದರೆ ಸಿಗುವಂತೆ,
ನಮ್ಮ ಗುಡ್ಡ ಕೂತಿತ್ತು.
ಮೆಲುಕು ಹಾಕುತ್ತ ಮಲಗಿದ ಎಮ್ಮೆ,
ಬೆನ್ನ ಮೇಲೆ ಕೋಟೆಯ ಹಲ್ಲು.
ಯಾರ ಹಾಳೆಯಲ್ಲೂ ಇರಲಿಲ್ಲ.

ಮುಂದೆ ಮೂರು ಶನಿವಾರ ಪೆನ್ಸಿಲ್ ಮುಟ್ಟಿಸಲಿಲ್ಲ.
ನೋಡಿ, ಅಂದೆ. ಅಷ್ಟೇ.
ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು, ಏನ್ರೀ, ಧ್ಯಾನವೋ? ಅಂದರು.
ಎರಡನೆಯ ವಾರ ಗಾದಿಲಿಂಗ ಹೇಳಿದ:
"ಸಾರ್, ಹನ್ನೊಂದಕ್ಕ ಗುಡ್ಡ ಬಿಳುಚಿಕೊಂತೈತಿ,
ಜ್ವರ ಬಂದಾಗ ನಮ್ಮವ್ವನ ಮಾರಿ ಇರ್ತಿತ್ತಲ್ಲ, ಹಂಗ."
ಮೂರನೆಯ ವಾರ ಖಾಜಾಬಿ ತಕರಾರು ತೆಗೆದಳು.
ಅವಳ ಮನೆ ಗುಡ್ಡದ ಆಚೆ.
"ನಾವು ದಿನಾ ನೋಡೋ ಗುಡ್ಡ ಇದಲ್ಲ ಸಾರ್,
ಅದಕ್ಕ ಮೆಟ್ಲೇ ಇಲ್ಲ. ಅದನ್ನ ಬರೀಲಾ, ಇದನ್ನಾ?"
ನನಗೆ ಉತ್ತರ ಗೊತ್ತಿರಲಿಲ್ಲ.
ಮೂವತ್ತು ವರ್ಷದ ಹಿಂದೆ ನನ್ನನ್ನು
ಒಂದು ಹೂಜಿಯ ಎದುರು ಕೂರಿಸಿದ್ದರು.
ಅದಕ್ಕೆ ಆಚೆ ಮಗ್ಗುಲು ಇದೆಯೆಂದು ಯಾರೂ ಹೇಳಲಿಲ್ಲ,
ನಾನೂ ಎದ್ದು ಹೋಗಿ ನೋಡಲಿಲ್ಲ.

ಇನ್ನು ಎರ್ರಿತಾಯಿ.
ಅವಳ ಬೆರಳ ಸಂದಿಗಳು ನೀಲಿ,
ತೊಳೆದರೆ ಹೋಗದ, ಜೀನ್ಸ್ ಹೊಲಿಯುವ ಮನೆಯ ನೀಲಿ.
ರಾತ್ರಿ ಅವ್ವನ ಜೊತೆ ಕೂತು ದಾರ ಕತ್ತರಿಸುತ್ತಾಳೆ,
ಪೀಸಿಗೆ ಇಷ್ಟು ಅಂತ.
ಸ್ಕೇಲಿಲ್ಲದೆ ಗೆರೆ ಎಳೆಯುತ್ತಾಳೆ, ಜೇಬಿನ ಬಾಯಿಯಷ್ಟು ನೇರ.
ಮನೆಯ ಒಂದು ವಸ್ತು ಬರೀರಿ ಅಂದ ದಿನ
ಪ್ಯಾಂಟು ಬರೆದಳು, ಒಳಗನ್ನು ಹೊರಗು ಮಾಡಿ:
ಗಂಟು, ತುಂಡು ದಾರ,
ಮೇಕೆಯ ಕಿವಿಯಂತೆ ಜೋತ ಜೇಬಿನ ಬಿಳಿ ಚೀಲ.
ನಾನೊಬ್ಬ ಪೆದ್ದ, ಸರಿ ಬದಿ ಬರಿಯಮ್ಮಾ ಅಂದೆ.
ಅವಳು ತಲೆ ಎತ್ತಲಿಲ್ಲ.
"ನಮ್ಮನಿಯಾಗ ಇದಾ ಸರಿ ಬದಿ ಸಾರ್.
ಆ ಬದಿ ಅಂಗಡ್ಯಾಗ ಇರ್ತೈತಿ."

ಆ ರಾತ್ರಿ ನನ್ನ ಹಳೆಯ ಚಿತ್ರಗಳ ಕಟ್ಟು ಬಿಚ್ಚಿ ಕೂತೆ.
ಬಹುಮಾನ ಬಂದದ್ದೂ ಸೇರಿ
ಎಲ್ಲವೂ ಅಂಗಡಿಯ ಬದಿ.

ಈಗ ಈ ಚೌಕದಲ್ಲಿ ಏನು ಬರೆಯಲಿ?
ಮೂಲ ಬಣ್ಣಗಳು ಮೂರು ಎಂದೇ? ಕಲಿಸಿದ್ದೇನೆ, ನಿಜ.
ಆದರೆ ಮೋರಿಯ ನೀರು ಸೋಮವಾರ ಒಂದು ನೀಲಿ,
ಗುರುವಾರ ಇನ್ನೊಂದು ಎಂದು ನನಗೆ ಕಲಿಸಿದವರು ಅವರು.
ನೀಟಾಗಿ ಬಣ್ಣ ತುಂಬುವುದು ಎಂದೇ?
ರಬ್ಬರುಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದವನು ನಾನೇ.
ತಪ್ಪಿದ ಗೆರೆಯೂ ಹಾಳೆಯ ಮೇಲೇ ಇರಲಿ,
ಅದಕ್ಕೂ ಅಷ್ಟೇ ಪೆನ್ಸಿಲ್ ಸವೆದಿರುತ್ತದೆ.

ಕೊನೆಗೆ ಹಾಳೆಯನ್ನು ಮಕ್ಕಳ ಕೈಗೆ ಕೊಟ್ಟೆ.
ಗಾದಿಲಿಂಗ ಎಡದಿಂದ ಬಲಕ್ಕೆ
ಗುಡ್ಡದ ಬೆನ್ನಿನ ಒಂದೇ ಒಂದು ಗೆರೆ ಎಳೆದ.
ಖಾಜಾಬಿ ಹಾಳೆಯನ್ನು ಬೆಳಕಿಗೆ ಹಿಡಿದು
ಹಿಂದಿನಿಂದ ಅದೇ ಗೆರೆಯ ಮೇಲೆ ನಡೆದಳು, ಮೆಟ್ಟಿಲಿಲ್ಲದ ಕಡೆಯಿಂದ.
ಅಂಚು ಮೀರಿತ್ತು. ಹಾಗೇ ಕಳಿಸಿದೆ.

ಹದಿನೈದು ದಿನಕ್ಕೆ ತಿರುಗಿ ಬಂತು, ಅಡ್ಡಡ್ಡ ಕೆಂಪು ಶಾಯಿ:
ನಮೂನೆಯಂತೆ ಇಲ್ಲ. ಮರುಸಲ್ಲಿಸಿ.
ಮಕ್ಕಳು ಮುಗಿಬಿದ್ದರು. ಯಾರೂ ಅದನ್ನು ಓದಲಿಲ್ಲ.
"ಇದು ಮೆಣಸಿನಕಾಯಿ ಕೆಂಪಲ್ಲಲೇ."
"ಸಂಡೂರು ಲಾರಿ ಮಳ್ಯಾಗ ನಿಂತ್ರ
ಗಾಲಿ ಕೆಳಗ ಇಳೀತೈತಲ್ಲ, ಅದು."
"ಅದಕಿಂತ ತೆಳ್ಳಗೈತಿ."
ಎರ್ರಿತಾಯಿ ಕೈ ತೂರಿಸಿ ಹಾಳೆ ತಿರುವಿದಳು.
"ಈ ಕಡೀಗೂ ಇಳಿದೈತಿ ನೋಡ್ರಿ ಸಾರ್.
ಖಾಜಾಬಿ ಗುಡ್ಡದಾಗ ಹೊತ್ತು ಮುಣುಗಾಕತ್ತೈತಿ."