ರಸೀದಿ

ಹಾಸನದ ಕೋಲ್ಡ್ ಸ್ಟೋರೇಜಿನಲ್ಲಿ ನಾನು ರಾತ್ರಿ ಪಾಳಿಯ ಗುಮಾಸ್ತೆ.
ಬಸದಿಗೆ ನಡೆದುಕೊಳ್ಳುವ ನಮ್ಮಮ್ಮ ಗೆಡ್ಡೆ ಮುಟ್ಟುವವಳಲ್ಲ,
ಸಂಬಳ ಮಾತ್ರ ಆಲೂಗಡ್ಡೆಯದು.
ಮೂಟೆ ಇಟ್ಟು ಹೋಗುವವರಿಗೆ ಗುಲಾಬಿ ಚೀಟಿ ಹರಿದು ಕೊಡುತ್ತೇನೆ:
ಲಾಟು ನಂಬರು, ಚೇಂಬರು, ಎಷ್ಟು ಮೂಟೆ, ಯಾರ ಹೆಸರು.
ಮಾಲು ನಿಮ್ಮದು, ಬೀಗ ನಮ್ಮದು.
ಇಷ್ಟನ್ನೇ ಚೀಟಿಯ ಹಿಂದೆ ಸಣ್ಣಕ್ಷರದಲ್ಲಿ
ಸುತ್ತಿ ಬಳಸಿ ಹನ್ನೊಂದು ಸಾಲು ಬರೆದಿದೆ.
ಯಾರೂ ಓದುವುದಿಲ್ಲ.

ಅದಕ್ಕೇ, ತಮ್ಮ ಪದ್ಮಪ್ರಸಾದ
'ಡೌನ್‌ಲೋಡೇ ತಗೊಳ್ಳೋಣ ಕಣಕ್ಕ, ಆರುನೂರು ಕಮ್ಮಿ' ಅಂದಾಗ
ನನಗೆ ಆ ಹನ್ನೊಂದು ಸಾಲು ನೆನಪಾಯಿತು.

ಹಡಗು ಕಟ್ಟುವ ಆಟ. ಇಬ್ಬರ ಉಳಿತಾಯ ಸೇರಿಸಿದರೆ ಒಂದು.
'ಡಿಸ್ಕ್ ಆದರೆ ಆಮೇಲೆ ಮಾರಬಹುದು' ಅಂದೆ.
'ಯಾರಿಗೆ?'
'ಎರವಲಾದರೂ ಕೊಡಬಹುದು.'
'ಕೊಟ್ಟಿದ್ದು ವಾಪಸ್ ಬಂದಿದ್ಯಾ?'

ಅಲ್ಲಿಗೆ ನಾನು ಸುಮ್ಮನಾದೆ.

ಪೆನ್ಷನ್ ಮೊಹಲ್ಲಾದ ನಯಾಜಣ್ಣನ ಅಂಗಡಿಯಲ್ಲಿ
ದಿನಕ್ಕೆ ಹತ್ತು ರೂಪಾಯಿಗೆ ಆಟ ಬಾಡಿಗೆ ಸಿಗುತ್ತಿದ್ದ ಕಾಲ.
ಮೂರು ಡಿಸ್ಕಿನದೊಂದನ್ನು ನಾವು ಕೊಂಡೇ ಬಿಟ್ಟೆವು,
ಮೂರರ ಮೇಲೂ ಮಾರ್ಕರಿನಲ್ಲಿ ಇಬ್ಬರ ಹೆಸರೂ ಬರೆದೆವು.
ಹಿಂದಿನ ಬೀದಿಯ ಫಿಲೋಮಿನಾಳ ಎರಡನೇ ಡಿಸ್ಕಿಗೆ ಗೀರು ಬಿದ್ದಿತ್ತು;
ನಮ್ಮದನ್ನು ಕೊಟ್ಟೆ, ಭಾನುವಾರದವರೆಗೆ ಅಂತ.
ಶನಿವಾರವೇ ಅವಳ ಅಪ್ಪನಿಗೆ ಹುಬ್ಬಳ್ಳಿಗೆ ವರ್ಗ.
ಅವತ್ತಿನಿಂದ ಮೂವತ್ಮೂರು ಪರ್ಸೆಂಟಿಗೆ ನಿಂತು
ಎರಡನೆಯದನ್ನು ಹಾಕಿ, ಎರಡನೆಯದನ್ನು ಹಾಕಿ ಎಂದು
ಹಳೇ ಕಂಪ್ಯೂಟರು ಕೇಳುತ್ತಲೇ ಇತ್ತು.

ಉಳಿದೆರಡಕ್ಕೆ ಮಳೆಗಾಲದ ಬೂಸ್ಟು.
ಪದ್ಮ ಹಳೇ ಬನಿಯನ್ನಿನಲ್ಲಿ ಒರೆಸುತ್ತಿದ್ದ, ನಡುವಿನಿಂದ ಅಂಚಿಗೆ,
ಸುತ್ತಾ ಒರೆಸಬಾರದೆಂದು ನಯಾಜಣ್ಣ ಹೇಳಿಕೊಟ್ಟ ಹಾಗೆ,
ಹಾಕಿದರೆ ನಡೆಯದ ಆಟವನ್ನು, ವರ್ಷ ವರ್ಷ.

ಡೌನ್‌ಲೋಡಿಗೆ ಬೂಸ್ಟು ಹಿಡಿಯುವುದಿಲ್ಲ, ನಿಜ.
ಆದರೆ ತೊಂಬತ್ತು ಜೀಬಿ; ನಮ್ಮ ಪ್ಯಾಕು ದಿನಕ್ಕೆ ಒಂದೂವರೆ.
ಅರವತ್ತು ದಿನ!
ಅಷ್ಟರಲ್ಲಿ ಆಲೂಗಡ್ಡೆ ನೆಟ್ಟಿದ್ದರೆ ಹೂ ಬಿಟ್ಟಿರುತ್ತೆ.

ಒಂದು ವರ್ಷ ಕಂಪ್ರೆಸರು ಕೆಟ್ಟಿತು,
ನಾಲ್ಕನೇ ಚೇಂಬರು ಪೂರ್ತಿ ಕತ್ತಲಲ್ಲೇ ಮೊಳಕೆಯೊಡೆಯಿತು.
ಜನ ಗುಲಾಬಿ ಚೀಟಿ ಹಿಡಿದು ಬಂದರು.
ಚೀಟಿಗಳೆಲ್ಲ ಚೆನ್ನಾಗಿಯೇ ಇದ್ದವು.
ದ್ಯಾವೀರಮ್ಮ ಒಬ್ಬರೇ ಬರಲಿಲ್ಲ; ಆ ಸಲ ನಮ್ಮನ್ನು ನಂಬದೆ
ಎರಡು ಮೂಟೆ ಬಿತ್ತನೆಯನ್ನು ಮಂಚದಡಿ ಇಟ್ಟುಕೊಂಡಿದ್ದರು.
ಅದಕ್ಕೆ ಇಲಿ ಬಿದ್ದಿತ್ತು. ಅದನ್ನೂ ಹೇಳಬೇಕು.

ಹೇಳಿದೆ. ಆದರೂ ಹಟ ನನ್ನದೇ ಗೆದ್ದಿತು.
ಬಿ.ಎಂ. ರಸ್ತೆಯ ಅಂಗಡಿಗೆ ಹೇಳಿ ತರಿಸಿದ ಡಬ್ಬಿ,
ಮೇಲೆ ಅಲೆ, ಹಡಗು. ಒಳಗೆ
ಡಿಸ್ಕ್ ಕೂರುವ ದುಂಡು ಗುಳಿ, ನಡುವೆ ಹಲ್ಲುಹಲ್ಲಿನ ಗುಬುಟು,
ಖಾಲಿ.
ಒಂದು ಚೀಟಿ ಇತ್ತು.
ನಾಣ್ಯದಲ್ಲಿ ಕೆರೆದರೆ ಇಪ್ಪತ್ತೈದು ಅಕ್ಷರ,
ಹಿಂದುಗಡೆ ಸಣ್ಣಕ್ಷರದಲ್ಲಿ ಏನೇನೋ.
ಕೊಟ್ಟ ಹೆಚ್ಚಿನ ಆರುನೂರಕ್ಕೆ ನನಗೆ ದಕ್ಕಿದ್ದು
ಉಗುರ ಸಂದಿಯಲ್ಲಿ ಒಂದಿಷ್ಟು ಬೆಳ್ಳಿ ಪುಡಿ.

ಪದ್ಮ ನಗುತ್ತಾನೆ ಅಂದುಕೊಂಡೆ. ನಗಲಿಲ್ಲ.
'ಚೀಟಿ ಗುಲಾಬಿ ಬಣ್ಣದ್ದಾದರೂ ಮಾಡಬಹುದಿತ್ತು' ಅಂದ,
ಮಾರ್ಕರು ಹುಡುಕಿ ಡಬ್ಬಿಯ ಮೇಲೆ
ನಮ್ಮಿಬ್ಬರ ಹೆಸರು ಬರೆದ.

ಈಗ ರಾತ್ರಿ ಒಂದೂಕಾಲು. ಮಾಲೀಕರನ್ನು ಕೇಳಿಯೇ
ಆಫೀಸಿನ ವೈಫೈಗೆ ಲ್ಯಾಪ್‌ಟಾಪು ಹಚ್ಚಿದ್ದೇನೆ.
ಗೋಡೆಯಾಚೆ ಮೂರು ಡಿಗ್ರಿಯಲ್ಲಿ ಯಾರ್ಯಾರದೋ ಮೂಟೆ.
ಮೂವತ್ತೆರಡು ಪರ್ಸೆಂಟು. ಮೂವತ್ಮೂರು.
ಇಲ್ಲಿ ನಿಲ್ಲುತ್ತದೆಂದು ಕಾದೆ,
ಎರಡನೆಯದು ಎಲ್ಲಿ ಎಂದು ಕೇಳುತ್ತದೆಂದು.

ಕೇಳಲಿಲ್ಲ.
ಫಿಲೋಮಿನಾ, ಮೂವತ್ನಾಲ್ಕು.